ಸಹಾಯ ಬೇಕು: ಅರಿಸಿನದ ಕೆಂಪು ನಿಲ್ಲುತ್ತಿಲ್ಲ

ನಮಸ್ಕಾರ. ನಾನು ನಲಿಕಲಿ ಟೀಚರ್, 1ರಿಂದ 3ನೇ ತರಗತಿ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಹಾಳೆಗೆ ಅರಿಸಿನದ ನೀರು ಬಳಿದು, ಒಣಗಿದ ಮೇಲೆ ಹತ್ತಿಕಡ್ಡಿಯನ್ನು ಸೋಪಿನ ನೀರಲ್ಲಿ ಅದ್ದಿ ಚಿತ್ರ ಬರೆಸಿದೆ. ಗೆರೆ ಎಳೆದ ಕಡೆಯೆಲ್ಲ ಕೆಂಪಾಗುತ್ತದೆ, ಮಕ್ಕಳಿಗೆ ಖುಷಿಯೋ ಖುಷಿ. ಮಾರನೇ ದಿನ ನೋಡಿದರೆ ನವಿಲೂ ಇಲ್ಲ, ಮನೆಯೂ ಇಲ್ಲ, ಬರೀ ಮಾಸಲು ಹಳದಿ!

ನೆರಳಲ್ಲಿ ಒಣಗಿಸಿದೆ, ಸೋಪು ಬದಲಾಯಿಸಿದೆ, ವಾಷಿಂಗ್ ಸೋಡಾ ನಾನೇ ಹಚ್ಚಿ ನೋಡಿದೆ, ಅದು ಸ್ವಲ್ಪ ಜಾಸ್ತಿ ಹೊತ್ತು ನಿಂತಿತು ಅಷ್ಟೇ. ಸುಣ್ಣದ ನೀರು ಒಳ್ಳೇ ಕೆಂಪು ಕೊಡುತ್ತದೆ, ಆದರೆ ಸುಮ್ನೆ ಕಣ್ಣುಜ್ಜಿಕೊಳ್ಳುವ ಮಕ್ಕಳ ಕೈಗೆ ಅದು ಬೇಡ ಅಲ್ವಾ?

ಬಣ್ಣ ಹೋಗುತ್ತಿರುವುದು ಬೆಳಕಿಗೋ, ಸೋಪಿನ ಕ್ಷಾರ ಕಮ್ಮಿಯಾಗುವುದಕ್ಕೋ? ಮುಂದಿನ ವಾರದ ಪೋಷಕರ ಸಭೆವರೆಗೆ ಕೆಂಪು ಉಳಿಯುವಂತೆ ಮಕ್ಕಳೇ ಮಾಡಬಹುದಾದ ದಾರಿ ಯಾರಿಗಾದರೂ ಗೊತ್ತಾ?