ಪಾರ್ಷಿಯಲ್ ಡೆಂಚರ್ ಸಡಿಲವಾಗಿದೆ: ಅಂಟು ಹಚ್ಚಬಹುದೇ, ಅಥವಾ ಮತ್ತೆ ಕೂರಿಸಿಕೊಳ್ಳಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಳದವಡೆಯ ಎರಡೂ ಬದಿಯ ಹಿಂದಿನ ಹಲ್ಲುಗಳನ್ನು ಕೀಳಿಸಿದ ಮೇಲೆ ನಾನು ತೆಗೆದು ಹಾಕುವಂಥ ಪಾರ್ಷಿಯಲ್ ಡೆಂಚರ್, ಅಂದರೆ ಹೋದ ಕೆಲವು ಹಲ್ಲುಗಳ ಜಾಗ ತುಂಬುವ ಕೃತಕ ಹಲ್ಲಿನ ಸೆಟ್, ಧರಿಸುತ್ತಿದ್ದೇನೆ. ಅದು ಲೋಹದ ಚೌಕಟ್ಟಿನದು. ಮುಂದೆ ಉಳಿದಿರುವ ನನ್ನ ಸ್ವಂತ ಹಲ್ಲುಗಳನ್ನು ಅದರ ಕೊಕ್ಕೆಗಳು ಎರಡೂ ಕಡೆ ಹಿಡಿದುಕೊಳ್ಳುತ್ತವೆ. ಹೊಸದರಲ್ಲಿ ಚೆನ್ನಾಗಿಯೇ ಕೂತಿತ್ತು. ಈಚೆಗೆ ಅಗಿಯುವಾಗ ಹಿಂಭಾಗ ಆಡುತ್ತದೆ, ಆಹಾರದ ಚೂರುಗಳು ಅಡಿಗೆ ಸೇರಿ ಒಸಡಿಗೆ ಒತ್ತುತ್ತವೆ, ಎಡಬದಿಯಲ್ಲಿ ನಾಲಗೆಯ ಕಡೆಗೆ ಒಂದು ಹುಣ್ಣು ಮಾಯುತ್ತಲೇ ಮತ್ತೆ ಏಳುತ್ತದೆ. ಮಾತನಾಡುವಾಗಲೂ ಕದಲಿದಂತೆ ಅನ್ನಿಸುವುದರಿಂದ ನಾಲ್ಕು ಜನರ ನಡುವೆ ಬಾಯಿ ತೆರೆಯಲು ಸಂಕೋಚವಾಗುತ್ತಿದೆ.

ಪೂರ್ಣ ಸೆಟ್ ಹಾಕಿಕೊಳ್ಳುವ ಪರಿಚಿತರೊಬ್ಬರು ಅಂಟು ಹಚ್ಚಿ ನೋಡಿ ಎಂದಿದ್ದಾರೆ. ಪಾರ್ಷಿಯಲ್‌ಗೂ ಅಂಟು ಬಳಸಬಹುದೇ? ಬಳಸುವುದಾದರೆ ಎಲ್ಲಿ, ಎಷ್ಟು ಹಚ್ಚಬೇಕು? ಅದರಿಂದ ಉಳಿದಿರುವ ಹಲ್ಲುಗಳಿಗೆ ತೊಂದರೆಯಾದೀತೇ? ಕೊಕ್ಕೆಯನ್ನು ನಾನೇ ತುಸು ಒತ್ತಿ ಬಿಗಿ ಮಾಡಿಕೊಂಡರೆ ಸಾಕಾಗುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1 (ದಂತವೈದ್ಯ)

ನಿಮ್ಮ ವಿವರಣೆ ಸ್ಪಷ್ಟವಾಗಿದೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಅಂಟನ್ನು ಬಳಸಲೇಬಾರದು ಎಂದೇನೂ ಇಲ್ಲ. ಆದರೆ ನಿಮ್ಮ ತೊಂದರೆಗೆ ಅದು ಮದ್ದಲ್ಲ. ಪೂರ್ಣ ಸೆಟ್ಟಿಗೂ ಪಾರ್ಷಿಯಲ್‌ಗೂ ಹಿಡಿತ ಬರುವ ರೀತಿಯೇ ಬೇರೆ. ಹಲ್ಲೇ ಇಲ್ಲದ ಬಾಯಿಯಲ್ಲಿ ಸೆಟ್ಟು ನಿಲ್ಲುವುದು ಒಸಡಿನ ಮೇಲಿನ ತೆಳುವಾದ ಎಂಜಲಿನ ಪದರದಿಂದ ಮತ್ತು ಅಂಚುಗಳು ಗಾಳಿಯಾಡದಂತೆ ಕೂರುವುದರಿಂದ. ಪಾರ್ಷಿಯಲ್‌ ನಿಲ್ಲುವುದು ಮುಖ್ಯವಾಗಿ ನಿಮ್ಮ ಸ್ವಂತ ಹಲ್ಲುಗಳ ಆಸರೆಯಿಂದ. ಕೊಕ್ಕೆಯ ತುದಿ ಹಲ್ಲಿನ ಉಬ್ಬಿನ ಕೆಳಗಿನ ಇಳಿಜಾರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮತ್ತು ಹಲ್ಲಿನ ಮೇಲೆ ಕೊರೆದ ಸಣ್ಣ ಗುಳಿಗಳಲ್ಲಿ ಚೌಕಟ್ಟಿನ ಚಿಕ್ಕ ಲೋಹದ ಪಾದಗಳು ಕೂತು ಭಾರ ಹೊರುತ್ತವೆ. ಈ ಪಾದಗಳಿಗೆ ರೆಸ್ಟ್ ಎನ್ನುತ್ತಾರೆ. ಅವು ತಮ್ಮ ಗುಳಿಯಲ್ಲಿ ಪೂರ್ತಿ ಕೂರದಿದ್ದರೆ ಯಾವ ಅಂಟು ಹಚ್ಚಿದರೂ ಕೂತಂತಾಗುವುದಿಲ್ಲ.

ನಿಮ್ಮ ಸೆಟ್ಟಿನ ಹಿಂದೆ ಹಲ್ಲಿಲ್ಲ. ಮುಂಭಾಗಕ್ಕೆ ಹಲ್ಲಿನ ಆಸರೆ, ಹಿಂಭಾಗಕ್ಕೆ ಒಸಡಿನ ಆಸರೆ. ಹಲ್ಲು ಅಲುಗುವುದು ಅತ್ಯಲ್ಪ, ಆದರೆ ಒಸಡು ಒತ್ತಿದರೆ ತಗ್ಗುತ್ತದೆ, ಅದರ ಕೆಳಗಿನ ಮೂಳೆಯೂ ಹಲ್ಲು ಕಿತ್ತ ಮೇಲೆ ಸವೆಯುತ್ತ ಹೋಗುತ್ತದೆ. ಮೊದಲ 6 ತಿಂಗಳಿಂದ 1 ವರ್ಷದೊಳಗೆ ಈ ಸವೆತ ಅತಿ ಹೆಚ್ಚು. ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ. ಸೆಟ್ಟು ಮಾತ್ರ ಅಳತೆ ತೆಗೆದ ದಿನದ ಆಕಾರದಲ್ಲೇ ಉಳಿದಿರುತ್ತದೆ.

ಒಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಕೈತೊಳೆದು, ಕನ್ನಡಿಯ ಮುಂದೆ ನಿಂತು ಸೆಟ್ಟು ಹಾಕಿಕೊಂಡು, ಎಡಗಡೆಯ ಕೊನೆಯ ಕೃತಕ ಹಲ್ಲನ್ನು ಒಂದೇ ಬೆರಳಿನಿಂದ ಮೆಲ್ಲನೆ ಕೆಳಕ್ಕೆ ಒತ್ತಿರಿ, ಅನಂತರ ಬಲಗಡೆಯದನ್ನು. ಒತ್ತಿದಾಗ ಮುಂದಿನ ಹಲ್ಲುಗಳ ಮೇಲಿರುವ ಲೋಹದ ಪಾದ ತಕ್ಕಡಿಯ ದಂಡಿಯಂತೆ ಮೇಲೆದ್ದರೆ, ಹಿಂಭಾಗದ ಒಸಡು ತಗ್ಗಿದೆ ಎಂದರ್ಥ. ಮುಂದಿನ ಭಾಗ ಏಳದೆ, ಬಾಯಿ ತೆರೆದ ಕೂಡಲೇ ಇಡೀ ಸೆಟ್ಟು ತಾನಾಗಿ ಎದ್ದು ಬರುತ್ತಿದ್ದರೆ ಕೊಕ್ಕೆ ಸಡಿಲವಾಗಿರುವ ಸಂಭವ ಹೆಚ್ಚು. ಸುಮ್ಮನಿದ್ದಾಗ ಗಟ್ಟಿಯಾಗಿದ್ದು ಹಲ್ಲು ಕಚ್ಚಿದಾಗ ಮಾತ್ರ ಜಾರುವುದಾದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸೇರುವ ರೀತಿಯಲ್ಲಿ ಏರುಪೇರಿದೆ.

ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮೊದಲನೆಯದಕ್ಕೆ ರಿಲೈನಿಂಗ್, ಅಂದರೆ ಒಸಡಿಗೆ ತಾಗುವ ಮೇಲ್ಮೈಗೆ ಈಗಿನ ಆಕಾರಕ್ಕೆ ತಕ್ಕಂತೆ ಹೊಸ ಪದರ ಕೂಡಿಸುವುದು. ಈ ಅಳತೆಯನ್ನು ನಿಮ್ಮಿಂದ ಕಚ್ಚಿಸಿ ತೆಗೆಯುವುದಿಲ್ಲ. ವೈದ್ಯರು ಲೋಹದ ಪಾದಗಳನ್ನು ಅವುಗಳ ಗುಳಿಯಲ್ಲಿಯೇ ಬೆರಳಿನಿಂದ ಒತ್ತಿ ಹಿಡಿದು ತೆಗೆಯುತ್ತಾರೆ. ಇಲ್ಲದಿದ್ದರೆ ಚೌಕಟ್ಟು ವಾಲಿದ ಸ್ಥಿತಿಯಲ್ಲೇ ಹೊಸ ಪದರ ಗಟ್ಟಿಯಾಗಿಬಿಡುತ್ತದೆ. ಸಡಿಲವಾದ ಸೆಟ್ಟಿನ ಅಡಿಗೆ ದಪ್ಪನಾಗಿ ಅಂಟು ತುಂಬಿದಾಗಲೂ ಆಗುವುದು ಇದೇ. ಸೆಟ್ಟು ತನ್ನ ಜಾಗಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ, ಕಚ್ಚಿದಾಗಲೆಲ್ಲ ಕೊಕ್ಕೆ ಹಿಡಿದ ಹಲ್ಲನ್ನು ಅಲುಗಿಸುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಚೆನ್ನಾಗಿದ್ದ ಆ ಹಲ್ಲೂ ಸಡಿಲವಾಗುತ್ತದೆ, ಅದು ಹೋದರೆ ಸೆಟ್ಟಿಗೆ ಆಸರೆಯೇ ಉಳಿಯುವುದಿಲ್ಲ. ನನಗೆ ಅತಿ ಹೆಚ್ಚು ಚಿಂತೆಯಾಗುವುದು ಇದರ ಬಗ್ಗೆಯೇ.

ಉತ್ತರ 2 (ದಂತ ಪ್ರಯೋಗಾಲಯದ ತಂತ್ರಜ್ಞ)

ಡಾಕ್ಟರ್ ಹೇಳಿದ್ದು ಸರಿಯಾಗಿದೆ. ಕೊಕ್ಕೆಯ ಬಗ್ಗೆ ಮಾತ್ರ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಮುರಿದ ಕೊಕ್ಕೆಗಳು ಕೊನೆಗೆ ಬರುವುದು ನಮ್ಮ ಮೇಜಿಗೆ.

ಲೋಹದ ಚೌಕಟ್ಟನ್ನು ಸಾಮಾನ್ಯವಾಗಿ ಕೋಬಾಲ್ಟ್ ಮತ್ತು ಕ್ರೋಮಿಯಂ ಮಿಶ್ರಲೋಹದಿಂದ ಎರಕ ಹೊಯ್ದಿರುತ್ತಾರೆ. ಅಂಥ ಕೊಕ್ಕೆಯ ತುದಿ ಹಲ್ಲಿನ ಇಳಿಜಾರಿನೊಳಗೆ ಸೇರಿಕೊಳ್ಳುವುದು ಸುಮಾರು 0.25 ಮಿಲಿಮೀಟರಿನಷ್ಟು ಮಾತ್ರ. ಅಷ್ಟು ಸೂಕ್ಷ್ಮವಾದ ಜಾಗದಲ್ಲಿ ಇಕ್ಕಳ ಹಿಡಿದು ಅಂದಾಜಿನ ಮೇಲೆ ಬಗ್ಗಿಸಿದರೆ ಹಿಡಿತ ಹೆಚ್ಚುವುದಕ್ಕಿಂತ ಕೊಕ್ಕೆ ಹಲ್ಲನ್ನು ಓರೆಯಾಗಿ ತಳ್ಳತೊಡಗುವುದೇ ಹೆಚ್ಚು. ಈ ಲೋಹ ಬಿರುಸು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿದರೆ ಬಿರುಕು ಬಿಟ್ಟು ತುಂಡಾಗುತ್ತದೆ. ತಂತಿಯನ್ನು ಬಗ್ಗಿಸಿ ಮಾಡಿದ ಕೊಕ್ಕೆ ಇದಕ್ಕಿಂತ ಹೆಚ್ಚು ಬಾಗುತ್ತದೆ, ಆದರೂ ಸರಿಪಡಿಸುವ ಕೆಲಸ ವೈದ್ಯರ ಕೈಯಲ್ಲೇ ಆಗಬೇಕು.

ಕೊಕ್ಕೆ ಸಡಿಲವಾಗಲು ಬಹುಪಾಲು ಕಾರಣ ಹಾಕುವ ಮತ್ತು ತೆಗೆಯುವ ರೀತಿ. ಸೆಟ್ಟನ್ನು ಅರ್ಧ ಇಟ್ಟು ಹಲ್ಲು ಕಚ್ಚಿ ಕೂರಿಸುವ ಅಭ್ಯಾಸ ಅನೇಕರಿಗಿದೆ. ಹಾಗೆ ಮಾಡುವಾಗ ಕೊಕ್ಕೆ ಒಂದು ಕಡೆ ತಪ್ಪಿ ಕೂತರೆ ಆ ಕಚ್ಚಿನಲ್ಲೇ ಬಗ್ಗಿಹೋಗುತ್ತದೆ. ಎರಡೂ ಕಡೆ ಬೆರಳಿಟ್ಟು ಸಮವಾಗಿ ಒತ್ತಿ ಕೂರಿಸಿರಿ. ತೆಗೆಯುವಾಗಲೂ ಒಂದೇ ಬದಿಯಿಂದ ಎಳೆಯದೆ, ಉಗುರನ್ನು ಕೊಕ್ಕೆಯ ತುದಿಗೆ ಸಿಕ್ಕಿಸದೆ ಎರಡೂ ಕಡೆ ಒಟ್ಟಿಗೆ ಎತ್ತಿರಿ. ನೈಲಾನಿನ ಬಾಗುವ ಸೆಟ್ಟು ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಅದಕ್ಕೆ ರಿಲೈನಿಂಗ್ ಪದರ ಅಕ್ರಿಲಿಕ್‌ಗೆ ಹಿಡಿದಷ್ಟು ಸುಲಭವಾಗಿ ಹಿಡಿಯುವುದಿಲ್ಲ.

ಉತ್ತರ 3 (ತಂದೆಯವರನ್ನು ನೋಡಿಕೊಳ್ಳುವ ಮಗಳು)

ನಮ್ಮ ತಂದೆಯವರು ಮೇಲ್ದವಡೆಗೆ ಪಾರ್ಷಿಯಲ್ ಹಾಕುತ್ತಾರೆ, ವೈದ್ಯರೇ ಹೇಳಿದ್ದರಿಂದ ಸ್ವಲ್ಪ ಅಂಟನ್ನೂ ಬಳಸುತ್ತಾರೆ. ಅವರಿಗೆ ಬಾಯಿ ಒಣಗುವ ತೊಂದರೆಯಿದೆ. ಅಂಟು ತೇವವನ್ನು ಹೀರಿ ಉಬ್ಬಿದಾಗಲೇ ಜಿಗುಟಾಗುತ್ತದೆ. ಆದ್ದರಿಂದ ಬಾಯಿ ಒಣಗಿದವರಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಹಾಕುವ ಮೊದಲು ಒಂದು ಗುಟುಕು ನೀರು ಕುಡಿಯಬೇಕು.

ನಾವು ಅನುಸರಿಸುವ ಕ್ರಮ ಹೀಗಿದೆ. ತೊಳೆದು ಒರೆಸಿದ ಸೆಟ್ಟಿನಲ್ಲಿ, ಒಸಡಿಗೆ ತಾಗುವ ಗುಲಾಬಿ ಬಣ್ಣದ ಭಾಗದ ಮೇಲೆ ಮಾತ್ರ, ಅಂಚಿನಿಂದ ಒಳಗೆ, ಕಡಲೆಕಾಳಿಗಿಂತ ಚಿಕ್ಕದಾದ ಎರಡು ಮೂರು ಬೊಟ್ಟು ಇಡುತ್ತೇವೆ. ಕೊಕ್ಕೆಗಾಗಲಿ, ಹಲ್ಲಿಗೆ ತಾಗುವ ಲೋಹಕ್ಕಾಗಲಿ ಹಚ್ಚುವುದಿಲ್ಲ. ಅಂಚಿನಿಂದ ಅಂಟು ಹೊರಗೆ ಬಂದರೆ ಹೆಚ್ಚಾಯಿತು ಎಂದರ್ಥ; ಮರುದಿನ ಕಡಿಮೆ ಮಾಡುತ್ತೇವೆ.

ಕಷ್ಟವಿರುವುದು ರಾತ್ರಿ ಅದನ್ನು ತೆಗೆಯುವುದರಲ್ಲಿ. ಅಂಟಿನ ಉಳಿಕೆ ಎಳೆಎಳೆಯಾಗಿ ಒಸಡಿಗೆ ಹಿಡಿದುಕೊಂಡು, ಬರಿಯ ನೀರು ಮುಕ್ಕಳಿಸಿದರೆ ಬಿಡದೆ ಬೆರಳಿಗೂ ಜಾರಿಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರು ಮುಕ್ಕಳಿಸಿ, ತೇವ ಮಾಡಿದ ಶುಭ್ರ ಬಟ್ಟೆಯಿಂದ ಒಸಡನ್ನು ಹಿಂದಿನಿಂದ ಮುಂದಕ್ಕೆ ಒರೆಸಿದರೆ ಬರುತ್ತದೆ. ಕೊಕ್ಕೆ ಹಿಡಿಯುವ ಹಲ್ಲುಗಳ ಸುತ್ತ ಅದನ್ನು ಬಿಟ್ಟರೆ ಕೊಳೆ ಕಟ್ಟಿ ಹುಳುಕು ಹಿಡಿಯುತ್ತದೆ ಎಂದು ವೈದ್ಯರು ಒತ್ತಿ ಹೇಳಿದ್ದರಿಂದ ಆ ಹಲ್ಲುಗಳನ್ನು ಬೇರೆಯಾಗಿ ಬ್ರಷ್ ಮಾಡಿಸುತ್ತೇನೆ. ಸೆಟ್ಟನ್ನು ರಾತ್ರಿ ತಣ್ಣೀರಿನಲ್ಲಿ ಇಡುತ್ತೇವೆ. ಕುದಿಯುವ ನೀರಿಗೆ ಹಾಕಬೇಡಿ, ಆಕಾರ ಕೆಡುತ್ತದೆ. ಲೋಹವಿದ್ದರೆ ಬ್ಲೀಚ್ ಕೂಡ ಬೇಡ, ತುಕ್ಕು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕನ್ನಡಿಯ ಮುಂದೆ ಒತ್ತಿ ನೋಡಿದೆ. ಬಲಗಡೆ ಏನೂ ಆಗಲಿಲ್ಲ. ಎಡಗಡೆ ಒತ್ತಿದಾಗ ಮುಂದಿನ ಲೋಹದ ಪಾದ ಹಲ್ಲಿನಿಂದ ಎದ್ದು, ಉಗುರಿನ ತುದಿ ತೂರುವಷ್ಟು ಸಂದು ಕಾಣಿಸಿತು. ಹುಣ್ಣು ಇರುವುದೂ ಅದೇ ಬದಿಯಲ್ಲಿ. ವೈದ್ಯರ ಭೇಟಿಗೆ ಇನ್ನೂ ಕೆಲವು ದಿನಗಳಿವೆ. ಅಲ್ಲಿಯವರೆಗೆ ಅಂಟು ಬಳಸಲೇ? ಅಂಟಿನಲ್ಲಿರುವ ಸತುವಿನಿಂದ ಅಪಾಯವಿದೆ ಎಂದೂ ಎಲ್ಲೋ ಓದಿದ್ದೇನೆ, ಅದು ನಿಜವೇ ಡಾಕ್ಟರ್?

ಉತ್ತರ 1ರವರಿಂದ ಮತ್ತೆ

ನಿಜ. 2008ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಂಥ ಪ್ರಕರಣಗಳ ವರದಿ ಬಂದಿತ್ತು. ಸತುವಿರುವ ಅಂಟನ್ನು ಬಹಳ ಕಾಲ ವಿಪರೀತವಾಗಿ ಬಳಸಿದವರಲ್ಲಿ ದೇಹದ ತಾಮ್ರದ ಅಂಶ ಕುಸಿದು ನರಗಳಿಗೆ ಹಾನಿಯಾಗಿತ್ತು, ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ತೂಗಾಡುವುದು ಇಂಥ ಲಕ್ಷಣಗಳು ಕಂಡಿದ್ದವು. ಅವರು ವಾರಕ್ಕೆ 2 ಟ್ಯೂಬ್‌ ಅಥವಾ ಅದಕ್ಕೂ ಹೆಚ್ಚು ಖಾಲಿ ಮಾಡುತ್ತಿದ್ದರು. ಮಿತವಾಗಿ ಬಳಸುವವರಿಗೆ ಈ ಭಯ ಬೇಕಿಲ್ಲ, ಆದರೂ ಸತುವಿಲ್ಲದ ಅಂಟುಗಳು ಸಿಗುವಾಗ ಅವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಡಬ್ಬಿಯ ಮೇಲೆ ಬರೆದಿರುತ್ತದೆ.

ಹುಣ್ಣು ಇರುವ ಜಾಗದ ಮೇಲೆ ಅಂಟು ಹಚ್ಚಿ ಬಿಗಿಯಾಗಿ ಕೂರಿಸುವುದು ಬೇಡ. ಸಾಧ್ಯವಾದಷ್ಟು ಹೊತ್ತು ಸೆಟ್ಟನ್ನು ತೆಗೆದಿಟ್ಟು ಒಸಡಿಗೆ ಬಿಡುವು ಕೊಡಿ, ರಾತ್ರಿ ಖಂಡಿತ ಹಾಕಬೇಡಿ, ಊಟ ಮೆತ್ತಗಿರಲಿ. ಜನರ ನಡುವೆ ಹೋಗಲೇಬೇಕಾದಾಗ ಬಲಬದಿಗೆ ಒಂದು ಚಿಕ್ಕ ಬೊಟ್ಟು ಹಚ್ಚಿಕೊಳ್ಳಬಹುದು, ಅಷ್ಟೇ. ಆದರೆ ಭೇಟಿಯ ಹಿಂದಿನ ದಿನ ಮತ್ತು ಅಂದು ಬೆಳಗ್ಗೆ ಕೆಲ ಹೊತ್ತು ಅಂಟಿಲ್ಲದೆ ಸೆಟ್ಟು ಹಾಕಿಕೊಂಡೇ ಹೋಗಿ. ಒಸಡಿನ ಮೇಲೆ ಒತ್ತಿದ ಗುರುತು ಹಾಗಿದ್ದರೆ ಮಾತ್ರ ಕಾಣುತ್ತದೆ, ಯಾವ ಅಂಚನ್ನು ಎಷ್ಟು ಉಜ್ಜಬೇಕೆಂಬುದೂ ಆಗಲೇ ತಿಳಿಯುತ್ತದೆ. ಇನ್ನು ಹುಣ್ಣಿನ ಮಾತು. ಸೆಟ್ಟನ್ನು ತೆಗೆದಿಟ್ಟ ಮೇಲೂ 2 ವಾರದೊಳಗೆ ಅದು ಪೂರ್ತಿ ಮಾಯದಿದ್ದರೆ ಸೆಟ್ಟಿನ ದೋಷವೆಂದು ಸುಮ್ಮನಿರಬೇಡಿ. ವೈದ್ಯರಿಗೆ ಅದನ್ನು ಬೇರೆಯಾಗಿಯೇ ತೋರಿಸಿ, ಪರೀಕ್ಷೆ ಮಾಡಿಸಿಕೊಳ್ಳಿ.