ಅಪ್‌ಡೇಟ್: ವ್ಯಾನ್ ಡಾಕ್‌ಗೆ ಕನೆಕ್ಟರ್ ಆಯ್ಕೆಯಾಯಿತು
ಪಾಳಿಗೊಂದು ವ್ಯಾನ್ ಓಡಿಸುವ ಚಾಲಕರು ಜೇಬಿನಲ್ಲಿಟ್ಟುಕೊಂಡು ಹೋಗಿ ಡ್ಯಾಶ್‌ಬೋರ್ಡ್‌ಗೆ ಸಿಕ್ಕಿಸುವ, ಅವರವರ ಸೆಟ್ಟಿಂಗ್ ಹಿಡಿದಿಡುವ ಸಾಧನಕ್ಕೆ, ಅದು ಕೂರುವ ಡಾಕ್‌ಗೆ ಯಾವ ಕನೆಕ್ಟರ್ ಇಡಲಿ ಎಂದು ಕೇಳಿದ್ದೆ. ಯುಎಸ್‌ಬಿ-ಸಿ ಸಾಕು ಎಂದವರೇ ಜಾಸ್ತಿ. 10,000 ಸಲ ಹಾಕಿ ತೆಗೆದರೂ ತಾಳಬೇಕು ಅನ್ನುತ್ತದೆ ಅದರ ಮಾನದಂಡ, ಸರಿ. ಆದರೆ ಅವಸರದಲ್ಲಿ, ಕೈಗವಸು ಹಾಕಿಕೊಂಡು ಸಿಕ್ಕಿಸುವವರು ಓರೆಯಾಗಿ ತಳ್ಳುತ್ತಾರೆ. ದೂಳು ಬೇರೆ. ಹಾಗಾಗಿ ತೂತಿಗೆ ತೂರದೆ ಒತ್ತಿ ತಾಗಿದರೆ ಸಾಕಾಗುವ, ಸ್ಪ್ರಿಂಗ್ ಇರುವ ಪೋಗೊ ಪಿನ್‌ಗಳಿಗೇ ಹೋದೆ. ಆಯಸ್ಕಾಂತ ಸಾಧನವನ್ನು ಸರಿಯಾದ ಜಾಗಕ್ಕೆ ಎಳೆಯುತ್ತದೆ ಅಷ್ಟೇ. ಗುಂಡಿ ಬಿದ್ದ ರಸ್ತೆಯಲ್ಲಿ ಹಿಡಿದುಕೊಳ್ಳುವುದು ಕೊಂಡಿಯ ಕೆಲಸ.

ಸೀಟಿನ ಸೆಟ್ಟಿಂಗ್, ಫೋನ್ ನಂಬರ್ ಎಲ್ಲ ಸಾಧನದಲ್ಲೇ. ತೆಗೆದ ಕೂಡಲೇ ವ್ಯಾನ್ ಮರೆತುಬಿಡುತ್ತದೆ. ಸೀಟು ಸರಿಯುವುದು ಮಾತ್ರ ಗಾಡಿ ನಿಂತಿದ್ದಾಗಲೇ ಆಗಬೇಕು, ಅಲ್ವಾ?

ಉಳಿದ ತಲೆನೋವು: ಎಂಜಿನ್ ಸ್ಟಾರ್ಟ್ ಮಾಡುವಾಗ ಬ್ಯಾಟರಿಯ 12 ವೋಲ್ಟ್ ಕುಸಿದು ಡಾಕ್ ರೀಸೆಟ್ ಆಗುತ್ತಿದೆ. ಆ ಕ್ಷಣಕ್ಕೆ ವಿದ್ಯುತ್ ಕೂಡಿಟ್ಟು ಕೊಡುವ ದೊಡ್ಡ ಕೆಪಾಸಿಟರ್ ಹಾಕಿ ನೋಡುತ್ತೇನೆ.