ಮಗಳು ಹೀಬ್ರೂ ಸಾಹಿತ್ಯದಲ್ಲಿ ಎಂ.ಎ. ಮಾಡ್ತೀನಿ ಅಂತಾಳೆ, ಈಗಿನಿಂದ ಏನು ತಯಾರಿ ಬೇಕು?

ಪ್ರಶ್ನೆ: ಮಗಳು ಇಲ್ಲಿ ಅಮೆರಿಕದಲ್ಲಿ ಬಿ.ಎ. ಮೂರನೇ ವರ್ಷ. ಮುಂದೆ ಹೀಬ್ರೂ ಮತ್ತು ಯಹೂದಿ ಸಾಹಿತ್ಯದಲ್ಲೇ ಓದುವ ಮನಸ್ಸು. ಅಕ್ಷರ ಓದೋಕೆ ಬರುತ್ತೆ. ಅಷ್ಟು ಸಾಕಾ?

ಉತ್ತರ: ಸಾಲದು ಅಕ್ಕ, ಆದರೆ ಇನ್ನೂ ಸಮಯ ಇದೆ. ಅಕ್ಷರ 22, ಅದರಲ್ಲಿ ಪದದ ಕೊನೆಗೆ ಬಂದಾಗ ರೂಪ ಬದಲಿಸುವವು 5. ಅದು ಎರಡು ವಾರದ ಕೆಲಸ. ಕಷ್ಟ ಶುರುವಾಗೋದು ಸ್ವರದ ಚುಕ್ಕಿಗಳು, ಅಂದರೆ ನಿಕುದ್, ಇಲ್ಲದ ಪುಟ ಎದುರಾದಾಗ. ಕಾದಂಬರಿ, ಪತ್ರಿಕೆಗಳಲ್ಲಿ ನಿಕುದ್ ಹಾಕೋದಿಲ್ಲ. ಹೇ, ಪೇ, ಯೋದ್, ಲಾಮೆದ್ ಅಂತ ನಾಲ್ಕು ಅಕ್ಷರ ಕಂಡರೆ ಅದು 'ಹಪೀಲ್' ಇರಬಹುದು, ಅಂದರೆ ಆ ಆನೆ. 'ಹಿಪೀಲ್' ಇರಬಹುದು, ಅಂದರೆ ಬೀಳಿಸಿದ. ವಾಕ್ಯ ನೋಡಿಯೇ ತಿಳೀಬೇಕು. ಬೈಬಲ್ ಹೀಬ್ರೂವಿನ ದೊಡ್ಡ ನಿಘಂಟುಗಳಲ್ಲಿ ಕ್ರಿಯಾಪದಗಳು ಧಾತುವಿನ ಕೆಳಗೆ ಇರುತ್ತವೆ. 'ಹಿಪೀಲ್' ಅನ್ನು ಹೇ ಅಕ್ಷರದಲ್ಲಿ ಹುಡುಕಿದರೆ ಸಿಗಲ್ಲ. ಧಾತು ನೂನ್-ಪೇ-ಲಾಮೆದ್, ಮೊದಲ ನೂನ್ ಲೋಪವಾಗಿದೆ. ಮಕ್ಕಳು ಸೋತು ಕೈಬಿಡೋದು ಹೆಚ್ಚಾಗಿ ಇಲ್ಲೇ.

ಮನೇಲಿ ಕನ್ನಡ ಮಾತಾಡಿದ್ದರೆ ಇಲ್ಲಿ ಪ್ರಯೋಜನಕ್ಕೆ ಬರುತ್ತೆ. ಬೀಳು-ಬೀಳಿಸು, ಬರೆ-ಬರೆಸು ಅವಳಿಗೆ ಗೊತ್ತು. ನಾವು ಪ್ರತ್ಯಯವನ್ನು ಕೊನೆಗೆ ಸೇರಿಸ್ತೀವಿ, ಹೀಬ್ರೂ ಮುಂದೆ 'ಹಿ' ಸೇರಿಸಿ ಒಳಗಿನ ಸ್ವರ ಬದಲಿಸುತ್ತೆ: 'ಕತವ್' ಬರೆದ, 'ಹಿಖ್ತೀವ್' ಬರೆಸಿದ. ಇಂಥ ಕ್ರಿಯಾಪದದ ಅಚ್ಚುಗಳು, ಬಿನ್ಯಾನ್‌ಗಳು, ಒಟ್ಟು ಏಳು.

ಬೇಸಿಗೆಯಲ್ಲಿ ಉಲ್ಪಾನ್‌ಗೆ, ಅಂದರೆ ಹೀಬ್ರೂ ಕಲಿಸುವ ತೀವ್ರ ತರಗತಿಗೆ, ಕಳಿಸಿ. ಹಂತಗಳು ಅಲೆಫ್‌ನಿಂದ ವಾವ್‌ವರೆಗೆ ಆರು. ಅರ್ಜಿ ಹಾಕುವ ಹೊತ್ತಿಗೆ ಮೂರನೆಯದಾದ ಗಿಮೆಲ್ ಮುಗಿದಿರಲಿ. ಅರ್ಜಿಯ ಜೊತೆ ಕೊಡುವ ಪ್ರಬಂಧದಲ್ಲಿ ಅನುವಾದ ನಂಬದೆ ಮೂಲವನ್ನೇ ಓದಿ ಬರೆದದ್ದು ಕಾಣಬೇಕು. ಯಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ಕಡೆ ಒಲವಿದ್ದರೆ ಅರಮಾಯಿಕ್ ಭಾಷೆ ಕೂಡ ಬೇಕು. ದುಡ್ಡಿನ ವಿಷಯ: ಎಂ.ಎ.ಗೆ ಸಾಮಾನ್ಯವಾಗಿ ಕೈಯಿಂದ ಹಾಕಬೇಕು, ದೊಡ್ಡ ವಿಶ್ವವಿದ್ಯಾಲಯಗಳ ಪಿಎಚ್.ಡಿ.ಗೆ ಶುಲ್ಕ ಮಾಫಿ, ಸ್ಟೈಪೆಂಡ್ ಇರುತ್ತೆ. ದೊಡ್ಡ ಸಾಲ ಮಾಡಿ ಎಂ.ಎ. ಬೇಡ.

ಇನ್ನೊಂದು ಉತ್ತರ: ಮಂಗಳೂರಿನ ನಂಟನ್ನೂ ಅವಳಿಗೆ ಹೇಳಿ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರಿಂದ 1149ರವರೆಗೆ ಹೆಚ್ಚುಕಡಿಮೆ ಅಲ್ಲೇ ಇದ್ದ. ಅವನ ಪತ್ರಗಳು ಕೈರೋದ ಗೆನಿಜಾದಲ್ಲಿ, ಅಂದರೆ ಯಹೂದಿ ಮಂದಿರದಲ್ಲಿ ಹಳೆಯ ಕಾಗದಪತ್ರ ಹಾಕಿಡುವ ಕೋಣೆಯಲ್ಲಿ, ಉಳಿದವು, ಹಲವು ಈಗ ಕೇಂಬ್ರಿಜ್‌ನಲ್ಲಿವೆ. ಅವನ ಆಳಿನ ಹೆಸರು ಬೊಮ್ಮ! ನಮ್ಮ ಭಾಷೆ ಬಲ್ಲ ಕಿವಿಗೆ ಆ ಹೆಸರು ತಟ್ಟನೆ ಕೇಳಿಸುತ್ತೆ. ಆದರೆ ಆ ಪತ್ರಗಳ ಲಿಪಿ ಹೀಬ್ರೂ, ಭಾಷೆ ಬಹುಪಾಲು ಅರಬ್ಬಿ. ಅತ್ತ ಆಸಕ್ತಿ ಇದ್ದರೆ ಮುಂದಿನ ಸೆಮಿಸ್ಟರ್‌ಗೇ ಅರಬ್ಬಿ ತರಗತಿಗೆ ಸೇರಲಿ.